ಕಾರಣ ಕೇಳದ ಕಾಕು

ಎದುರುಮನೆಯ ಕಾಕು ತೀರಿಕೊಂಡ ಮಧ್ಯಾಹ್ನ ನನಗೆ ಏನೂ ಅನಿಸಲಿಲ್ಲ. ಘಾಟ್ಕೋಪರಿನ ಆಫೀಸಿನಲ್ಲಿ ಡಬ್ಬಿ ಬಿಚ್ಚಿಕೊಂಡು ಊಟಕ್ಕೆ ಕೂತಿದ್ದೆ. ಹೀರೇಕಾಯಿ ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಅನಿಸಿತ್ತು, ಅಷ್ಟೆ. ಆಮೇಲೆ ಅವರ ಮಗಳ ಫೋನು ಬಂತು. ಉಂಡು ಮಲಗಿದವರು ಏಳಲೇ ಇಲ್ಲವಂತೆ. ಅಂಥ ಹೊತ್ತಿನಲ್ಲಿ ಎದೆ ಧಸಕ್ಕೆನ್ನುತ್ತದೆ, ಕೈಯಲ್ಲಿದ್ದ ಲೋಟ ಬೀಳುತ್ತದೆ, ದೇವರ ದೀಪ ಆರುತ್ತದೆ ಎಂದೆಲ್ಲ ಜನ ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಕಾಕು ಇದ್ದಿದ್ದರೆ ಇದನ್ನು ಕೇಳಿ ನಗುತ್ತಿದ್ದರು. ಒಳಗಿನ ಮಾತಿಗೆ ಕಿವಿ ಕೊಡಬೇಕು ಎಂದು ನನಗೆ ಕಲಿಸಿದವರೇ ಅವರು. ಒಳಗಿರುವುದು ಟಪಾಲಿನವನಲ್ಲ, ಎಲ್ಲ ಸುದ್ದಿಯನ್ನೂ ಮನೆಗೆ ತಂದು ಮುಟ್ಟಿಸುವುದಿಲ್ಲ ಎಂದು ಹೇಳಿದವರೂ ಅವರೇ.

ಅವರಿಗೊಂದು ಹೆಸರಿತ್ತು, ಬಾಗಿಲ ಮೇಲೆ ಅದರ ಬೋರ್ಡೂ ಇತ್ತು. ಆದರೆ ಸಯನ್ನಿನ ನಮ್ಮ ಬಿಲ್ಡಿಂಗಿನ ಮರಾಠಿಯವರಿಗೂ ಗುಜರಾತಿಯವರಿಗೂ ವಾಚ್‌ಮನ್ನನಿಗೂ ಅವರು ಕಾಕುವೇ, ಎಂದರೆ ಚಿಕ್ಕಮ್ಮ. ವಿಜಯಪುರದ ಕಡೆಯವರು. ಮದುವೆಯಾಗಿ ಮುಂಬೈಗೆ ಬಂದು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವರು. ಉಡುಪಿ ಕಡೆಯಿಂದ ಬಂದ ನಮ್ಮಂಥವರ ಮಕ್ಕಳೇ ಆ ಶಾಲೆಯ ತುಂಬ. ನನ್ನ ಅಣ್ಣನೂ ನಾಲ್ಕನೇ ಕ್ಲಾಸಿನಲ್ಲಿ ಅವರ ಕೈಯಲ್ಲಿ ಪೆಟ್ಟು ತಿಂದವನು. ಮಕ್ಕಳು ಇಂಗ್ಲಿಷ್ ಶಾಲೆಗಳಿಗೆ ಹೋಗುತ್ತ ಹೋಗುತ್ತ ಆ ಶಾಲೆ ಮುಚ್ಚಿಹೋಯಿತು. "ಸಾಲಿ ಮುಚ್ಚಿದ್ರು. ನನ್ನನ್ನ ಮುಚ್ಚಾಕ ಇನ್ನೂ ಟೈಮ್ ಅದ" ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ, ಮಗಳು ಘಾಟ್ಕೋಪರಿನ ತನ್ನ ಮನೆಗೆ ಎಷ್ಟು ಕರೆದರೂ ಹೋಗದೆ, ಒಬ್ಬರೇ ಇದ್ದರು. ಇಸ್ತ್ರಿ ಮಾಡಿದ ಗೌನು, ಹೆಗಲ ಮೇಲೊಂದು ಟವೆಲು, ಹಣೆಯ ಮೇಲೆ ಏರಿಸಿಟ್ಟು ಮರೆತ ಕನ್ನಡಕ. ಹಗಲೆಲ್ಲ ಬಾಗಿಲು ತೆರೆದಿಟ್ಟುಕೊಂಡು, ಅಲ್ಲೇ ಒಂದು ಕುರ್ಚಿ ಹಾಕಿಕೊಂಡು, ಕೊತ್ತಂಬರಿ ಸೋಸುತ್ತ ಕೂರುವುದು ಅವರ ಪದ್ಧತಿ.

ಅವರಿಗೆ ಮೈಮೇಲೆ ದೇವರು ಬರುತ್ತಿತ್ತೆಂದೋ, ಅವರು ಹೇಳಿದ್ದೆಲ್ಲ ನಡೆಯುತ್ತಿತ್ತೆಂದೋ ಯಾರೂ ತಿಳಿಯಬಾರದು. ಅರ್ಧಕ್ಕರ್ಧ ತಪ್ಪುತ್ತಿತ್ತು. ಕಲ್ಲಂಗಡಿ ಕೊಳ್ಳುವಾಗ ಎಲ್ಲರೂ ತಟ್ಟಿ ನೋಡುತ್ತಾರೆ, ಇವರು ಸುಮ್ಮನೆ ನೋಡಿ "ಅದ ಕೊಡು" ಎನ್ನುತ್ತಿದ್ದರು. ಮನೆಗೆ ತಂದು ಕೊಯ್ದರೆ ಒಳಗೆಲ್ಲ ಬಿಳಿ. ನಾನು ನಕ್ಕರೆ, "ನಗಬ್ಯಾಡ, ತಿನ್ನು. ನಾ ಆರಿಸಿದ್ದು, ನಾ ತಿಂತೀನಿ" ಎಂದು ಸಕ್ಕರೆ ಹಾಕಿಕೊಂಡು ತಿನ್ನುತ್ತಿದ್ದರು. ಒಮ್ಮೆ ಕಣ್ಣಿನ ಡಾಕ್ಟರರ ಬಳಿಗೆಂದು ಅವರನ್ನು ಕರೆದುಕೊಂಡು ಹೊರಟಿದ್ದೆ. ಬಿಸಿಲೋ ಬಿಸಿಲು. ಎಷ್ಟೋ ಹೊತ್ತಿಗೆ ಒಂದು ಟ್ಯಾಕ್ಸಿ ನಿಂತಿತು. ಕಾಕು ಒಳಗೆ ಬಗ್ಗಿ ಡ್ರೈವರನನ್ನು ನೋಡಿ, "ಈ ಗಾಡಿ ಬ್ಯಾಡ" ಎಂದುಬಿಟ್ಟರು. ಅವನು ಬೈದುಕೊಂಡು ಹೋದ. ಮತ್ತೊಂದು ಟ್ಯಾಕ್ಸಿ ಸಿಗುವಷ್ಟರಲ್ಲಿ ನಾನು ಬೆಂದ ಬದನೆಕಾಯಿಯಾಗಿದ್ದೆ.

"ಎಂತ ಕಂಡಿತು ಕಾಕು ಅವನಲ್ಲಿ?" ಎಂದು ಸಿಟ್ಟಿನಿಂದಲೇ ಕೇಳಿದೆ.

"ಏನೂ ಕಾಣಲಿಲ್ಲ. ಸೇರಲಿಲ್ಲ."

"ಪಾಪದವ ಆಗಿದ್ದರೆ?"

"ಆಗಿರ್ಲಿ. ಅವಗ ನನ್ನಕಿಂತ ಚಲೋ ಗಿರಾಕಿ ಸಿಗ್ತಾರ."

ಆ ಉತ್ತರದಲ್ಲಿ ನನಗೆ ಆಗ ಬರೀ ಹಟವೇ ಕಂಡಿತು. ಈಗ ಹಾಗನ್ನಿಸುವುದಿಲ್ಲ. ತಪ್ಪುವುದಕ್ಕೆ ಅವರಿಗೆ ನಾಚಿಕೆಯಿರಲಿಲ್ಲ, ವಿಷಯ ಅಷ್ಟೇ. "ನನ್ನ ಮನಸಿನ ಮಾತ ಕೇಳಿ ತಪ್ಪಿದ್ರ ಒಂದ ತಪ್ಪು. ಮಂದಿ ಮಾತ ಕೇಳಿ ತಪ್ಪಿದ್ರ ಎರಡು" ಎನ್ನುತ್ತಿದ್ದರು. ಶಾಲೆಯಲ್ಲೂ ಹಾಗೆಯೇ ಇದ್ದರಂತೆ. ಕ್ಲಾಸಿಗೆ ಬಂದವರು ಹಾಜರಿ ಕರೆಯುವ ಮೊದಲು ಮಕ್ಕಳ ಮುಖವನ್ನೆಲ್ಲ ಒಮ್ಮೆ ನೋಡಿಕೊಂಡು ನಿಲ್ಲುವುದು. ಯಾರದೋ ಒಬ್ಬನ ಬಳಿ ಹೋಗಿ "ಉಂಡೀಯೇನೋ?" ಎನ್ನುವುದು. ಎಷ್ಟೋ ಸಲ ಆ ಹುಡುಗ ಹೊಟ್ಟೆತುಂಬ ಉಂಡೇ ಬಂದಿರುತ್ತಿದ್ದ. ಕ್ಲಾಸೆಲ್ಲ ನಗುತ್ತಿತ್ತು, ಬಾಯಿಯವರೂ, ಎಂದರೆ ಟೀಚರೂ, ನಗುತ್ತಿದ್ದರು ಎಂದು ಅಣ್ಣ ಹೇಳುತ್ತಾನೆ.

ನಾನು ಇದಕ್ಕೆ ತದ್ವಿರುದ್ಧ. ಒಂದು ಕುಕ್ಕರ್ ಕೊಳ್ಳಬೇಕಾದರೆ ಆಫೀಸಿನವರನ್ನು ಕೇಳಬೇಕು, ಅತ್ತಿಗೆಯನ್ನು ಕೇಳಬೇಕು, ಕಡೆಗೆ ಅಂಗಡಿಯವನನ್ನೂ "ನೀವಾದರೆ ಯಾವುದು ತೆಗೊಳ್ತೀರಿ?" ಎಂದು ಕೇಳಬೇಕು. ಮದುವೆಯ ವಿಷಯದಲ್ಲೂ ಹೀಗೆ ಕೇಳುತ್ತ ಕೇಳುತ್ತ ವಯಸ್ಸೇ ಜಾರಿತು. ಅದಕ್ಕೆ ಯಾರನ್ನೂ ದೂರುವುದಿಲ್ಲ. ಅಪ್ಪ ಮಾಟುಂಗದ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಾಳು ಸವೆಸಿದರು. ಅವರು ಹೋದ ಮೇಲೆ ಅಣ್ಣ ಕಾಂದಿವಲಿಯಲ್ಲಿ ಮನೆ ಮಾಡಿದ. ಸಯನ್ನಿನಲ್ಲಿ ಉಳಿದದ್ದು ಅಮ್ಮ ಮತ್ತು ನಾನು.

ಅಮ್ಮನಿಗೆ ಲಕ್ವ ಹೊಡೆದಾಗ ನನ್ನ ಈ ಕೇಳುವ ಚಾಳಿ ನನ್ನ ಕುತ್ತಿಗೆಗೇ ಬಂತು. ಅಮ್ಮನ ಬಲಭಾಗ ಬಿದ್ದುಹೋಯಿತು, ಮಾತು ಪೂರ್ತಿ ನಿಂತಿತು. ಇಷ್ಟು ವರ್ಷ ಯಾವುದಕ್ಕೂ "ಅಮ್ಮಾ, ಎಂತ ಮಾಡುದು?" ಎನ್ನುತ್ತಿದ್ದವಳಿಗೆ ಈಗ ಅಮ್ಮನ ವಿಷಯದಲ್ಲೇ ಅಮ್ಮನನ್ನು ಕೇಳುವಂತಿರಲಿಲ್ಲ. ನನ್ನ ಸಂಬಳವಿಲ್ಲದೆ ಮನೆ ನಡೆಯದು, ಹಗಲಿಗೆ ಯಾರಾದರೂ ಬೇಕೇಬೇಕು. ರೋಗಿಗಳನ್ನು ನೋಡಿಕೊಳ್ಳಲು ಮನೆಗೆ ಜನ ಕಳಿಸುವ ಬ್ಯೂರೋದವರು ಸುನಂದಾಳನ್ನು ಕಳಿಸಿದರು.

ಸುನಂದಾಳಲ್ಲಿ ತಪ್ಪು ಹಿಡಿಯುವಂಥದ್ದು ಒಂದೂ ಇರಲಿಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು. ಮೆಲುಮಾತಿನವಳು. ಹಾಸಿಗೆಯ ಚಾದರದಲ್ಲಿ ಒಂದು ಸುಕ್ಕಿರುತ್ತಿರಲಿಲ್ಲ. ಅಮ್ಮನ ತಲೆ ಬಾಚಿ, ಉಗುರು ಕತ್ತರಿಸಿ, ಮುಖಕ್ಕೆ ಪೌಡರು ಹಚ್ಚಿ ಇಟ್ಟಿರುತ್ತಿದ್ದಳು. ಅಣ್ಣ ಕ್ಯಾಮೆರಾ ತಂದು ಗೋಡೆಗೆ ಹಾಕಿದ್ದ. ಕಾಂದಿವಲಿಯಲ್ಲಿ ಕೂತು ಅಮ್ಮನನ್ನು 'ನೋಡಿಕೊಳ್ಳುತ್ತಿದ್ದ', ಮೊಬೈಲಿನಲ್ಲಿ. "ನೀನು ಪುಣ್ಯ ಮಾಡಿದ್ದಿ ಮಾರಾಯ್ತಿ, ಇಂಥವಳು ಸಿಗುದಿಲ್ಲ" ಎಂದು ದಿನಾ ಹೇಳುತ್ತಿದ್ದ.

ಆದರೂ ಸಂಜೆ ಬಾಗಿಲು ತೆರೆದು ಒಳಗೆ ಬಂದರೆ ನನಗೆ ಏನೋ ಸರಿಯಿಲ್ಲ ಅನಿಸುತ್ತಿತ್ತು. ಏನೆಂದು ಹೇಳಲಾರೆ. ಅಮ್ಮ ತನ್ನ ಸ್ವಂತ ಮನೆಯಲ್ಲೇ ನೆಂಟರ ಹಾಗೆ ಮಲಗಿದ್ದಳು. ನನ್ನ ಚಪ್ಪಲಿಯ ಸದ್ದಿಗೆ ಮುಖ ತಿರುಗಿಸುತ್ತಿರಲಿಲ್ಲ. ಮೈಯಲ್ಲಿ ಗಾಯವಿಲ್ಲ, ಕಲೆಯಿಲ್ಲ. ಸುನಂದಾ ಇಲ್ಲದ ಹೊತ್ತು ನೋಡಿ ಬಟ್ಟೆ ಸರಿಸಿ ಎಲ್ಲ ಕಡೆ ಹುಡುಕಿದ್ದೆ. ಕ್ಯಾಮೆರಾದ ಹಳೆಯ ಚಿತ್ರಗಳನ್ನೆಲ್ಲ ಕೂತು ನೋಡಿದೆ. ಹೊರಳಿಸುತ್ತಾಳೆ, ಒರೆಸುತ್ತಾಳೆ, ಗಂಜಿ ಕುಡಿಸುತ್ತಾಳೆ. ಎಲ್ಲ ಸರಿ. ತಪ್ಪು ನನ್ನಲ್ಲೇ ಇರಬೇಕು, ಅಮ್ಮನನ್ನು ಪರರ ಕೈಗೆ ಬಿಟ್ಟು ಹೋಗುವ ಸಂಕಟಕ್ಕೆ ಹೀಗನಿಸುತ್ತಿದೆ ಎಂದುಕೊಂಡೆ. ಬೆಳಗ್ಗೆ ಸ್ಲೋ ಲೋಕಲ್ ಟ್ರೈನಿನಲ್ಲಿ ನಿಂತಾಗ ಇದೇ ಯೋಚನೆ, ಸಂಜೆ ಬರುವಾಗಲೂ ಇದೇ. ಆ ದಿನಗಳ ದಣಿವನ್ನು ನೆನೆದರೆ ಈಗಲೂ ಕಾಲು ಜೋಮು ಹಿಡಿದಂತಾಗುತ್ತದೆ.

ಕಡೆಗೊಂದು ಸಂಜೆ ಕಾಕುವಿನ ಮುಂದೆ ಎಲ್ಲ ಸುರಿದುಕೊಂಡೆ. ಹಗಲೆಲ್ಲ ಎದುರು ಕೂತಿರುವವರು ಅವರು. ಬೇಕಾದಾಗ ನಮ್ಮ ಮನೆಗೆ ಹೋಗಿ ಬರುವವರು. ಅವರಿಗೆ ಗೊತ್ತಿಲ್ಲದೆ ಯಾರಿಗೆ ಗೊತ್ತಿರುತ್ತದೆ?

"ನೀವು ದಿನಾ ನೋಡ್ತೀರಿ. ಅವಳು ಹೇಗೆ? ಇಟ್ಟುಕೊಳ್ಳುದಾ, ಬಿಡುದಾ? ನೀವು ಹೇಳಿದ ಹಾಗೆ ಮಾಡ್ತೇನೆ."

ಕಾಕು ಕೊತ್ತಂಬರಿ ಬದಿಗಿಟ್ಟರು. "ನಾ ಹೇಳಂಗಿಲ್ಲ."

"ಯಾಕೆ?"

"ನನ್ನ ಹೊಟ್ಟಿ ನನ್ನ ಊಟಕ್ಕ, ತಂಗಿ. ನಿನ್ನ ಹಸಿವಿ ಅದಕ್ಕ ಹ್ಯಾಂಗ ಗೊತ್ತಾಗ್ತದ? ನಿನಗ ಏನನಸ್ತದ, ಅದನ್ನ ಹೇಳು."

"ನನಗೆ ಬೇಡ ಅನಿಸ್ತದೆ. ಆದರೆ ಕಾರಣ ಇಲ್ಲ. ಅವಳು ಎಷ್ಟು ಚಂದ ಮಾಡ್ತಾಳೆ ಅಂದರೆ..."

"ಕಾರಣ ನಾ ಕೇಳಲಿಲ್ಲ."

ನನಗೆ ಅಳು ಬಂತು. ಐವತ್ತು ದಾಟಿದ ಹೆಂಗಸು ಎದುರುಮನೆಯ ಹೊಸ್ತಿಲಲ್ಲಿ ಕೂತು ಅತ್ತೆ. ಕಾಕು ಸಮಾಧಾನ ಮಾಡಲಿಲ್ಲ. ಎದ್ದು ಹೋಗಿ ತಟ್ಟೆಯಲ್ಲಿ ಒಂದು ರೊಟ್ಟಿ, ಶೇಂಗಾ ಚಟ್ನಿ, ಮೇಲೊಂದಿಷ್ಟು ಮೊಸರು ಹಾಕಿ ತಂದುಕೊಟ್ಟರು.

"ಮೊದ್ಲ ಉಣ್ಣು. ಇವತ್ತ ಏನೂ ಮಾಡಬ್ಯಾಡ. ದಣದ ಮನಷ್ಯಾಗ ಎಲ್ಲಾರೂ ಕಳ್ಳರಗತೆ ಕಾಣಸ್ತಾರ. ಅದು ಮನಸಿನ ಮಾತಲ್ಲ, ಕಾಲ್ನೋವಿನ ಮಾತು. ಮಲಕೊಂಡು ಏಳು. ಮುಂಜಾನೆ ಎದ್ದಕೂಡ್ಲೆ, ಚಾ ಕುಡಿಯೂದರಾಗ, ಏನನಸ್ತದ ನೋಡು. ಆವಾಗೂ ಅದ ಅನಿಸಿದ್ರ ಖರೆ."

ನನಗೆ ಯಾರೂ ಇಷ್ಟು ಉಪಯೋಗಕ್ಕೆ ಬರುವ ಬುದ್ಧಿ ಹೇಳಿರಲಿಲ್ಲ. ಅಂದು ಬೇಗ ಮಲಗಿದೆ. ಬೆಳಗ್ಗೆ ಎದ್ದಾಗ ಮೈ ಹಗುರವಾಗಿತ್ತು, ಸುನಂದಾಳ ಮೇಲೆ ಸಿಟ್ಟೂ ಇರಲಿಲ್ಲ, ಅನುಮಾನವೂ ಇರಲಿಲ್ಲ. ಆದರೆ ಬೇಡ ಎನ್ನುವುದು ಹಾಗೆಯೇ ಇತ್ತು. ಮತ್ತೆರಡು ಬೆಳಗು ನೋಡಿದೆ. ಅಲುಗಲಿಲ್ಲ. ಬ್ಯೂರೋಗೆ ಫೋನು ಮಾಡಿ, ಅವಳದೇನೂ ತಪ್ಪಿಲ್ಲ, ನಮ್ಮ ಅನುಕೂಲಕ್ಕೆ ಬದಲಾಯಿಸುತ್ತಿದ್ದೇವೆ ಎಂದೆ. ಸುನಂದಾಳಿಗೂ ಅದನ್ನೇ ಹೇಳಿದೆ. ಅವಳು ಮರಾಠಿಯಲ್ಲಿ "ಬರಂ", ಆಗಲಿ, ಎಂದಷ್ಟೇ ಹೇಳಿ ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಭಾನುವಾರ ಅಣ್ಣ ಅತ್ತಿಗೆ ಇಬ್ಬರೂ ಬಂದರು. ಅಣ್ಣನ ಮುಖ ಕೆಂಪಾಗಿತ್ತು.

"ಕಳ್ಳತನ ಮಾಡಿದಳಾ?"

"ಇಲ್ಲ."

"ಹೊಡೆದಳಾ? ಬೈದಳಾ?"

"ಇಲ್ಲ."

"ಮತ್ತೆ?"

"ಸರಿ ಅನಿಸಲಿಲ್ಲ."

"ಅನಿಸಲಿಲ್ಲ ಅಂದರೆ ಎಂತ? ನಿನಗೆ ಅನಿಸುದರ ಮೇಲೆ ಅಮ್ಮನ ಜೀವ ಇಡ್ಲಿಕ್ಕೆ ಆಗ್ತದಾ? ನಾಳೆಯಿಂದ ಯಾರು ನೋಡುದು? ಹೀಗಾದರೆ ಕರ್ಜತಿನ ವೃದ್ಧಾಶ್ರಮಕ್ಕೆ ಬಿಡುದೇ ಒಳ್ಳೇದು. ಅಲ್ಲಿ ನರ್ಸುಗಳಾದರೂ ಇದ್ದಾರೆ."

ಈ ಆಶ್ರಮದ ಮಾತು ಮೊದಲಿನಿಂದಲೂ ಅಣ್ಣನ ನಾಲಗೆಯ ತುದಿಯಲ್ಲಿತ್ತು. ಆಡಿದ್ದು ಆ ದಿನ. ಮಂಚದ ಮೇಲೆ ಮಲಗಿದ್ದ ಅಮ್ಮ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನನ್ನದು ತಪ್ಪಾದರೆ ಅಮ್ಮ ಮನೆ ಬಿಡಬೇಕು. ಅದಕ್ಕಿಂತ ಸುನಂದಾಳನ್ನೇ ಕಾಲುಹಿಡಿದು ವಾಪಸು ಕರೆಯಲೇ ಎಂದು ಅರೆಗಳಿಗೆ ಯೋಚಿಸಿದ್ದೂ ಉಂಟು.

ಗಲಾಟೆ ಕೇಳಿ ಕಾಕು ಬಂದರು. ಕೈಯಲ್ಲಿ ಅಮ್ಮನಿಗೆಂದು ಮಾಡಿದ ಬೇಳೆಯ ಕಟ್ಟಿನ ಬಟ್ಟಲು. ಅಣ್ಣ ಎದ್ದು ನಿಂತ. ಎಷ್ಟೇ ದೊಡ್ಡವನಾದರೂ ಅವರೆದುರು ಕೂರುವುದು ಅವನಿಗೆ ಅಭ್ಯಾಸವಿಲ್ಲ.

"ನೀವೇ ಹೇಳಿ ಬಾಯಿಯವರೇ. ನೀವು ದಿನಾ ನೋಡಿದವರು. ಸುನಂದಾಳಲ್ಲಿ ಎಂತ ತಪ್ಪಿತ್ತು?"

"ನಾ ಏನೂ ತಪ್ಪ ನೋಡಿಲ್ಲಪಾ."

ಅಣ್ಣ ಗೆದ್ದವನಂತೆ ನನ್ನತ್ತ ತಿರುಗಿದ. ಕಾಕು ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

"ನಾ ನೋಡಿಲ್ಲ, ನೀ ಫೋನಿನಾಗ ನೋಡಿಲ್ಲ. ಆದ್ರ ಸಂಜೀಕ ಬಂದು ತಾಯಿ ಮಗ್ಗಲ ಕುಂದ್ರಾಕಿ ಈಕಿ. ಈಕಿಗೆ ಸೇರಲಿಲ್ಲ, ಮುಗೀತು. ಹೊಸಾಕಿ ಸಿಗೂ ತನಕ ಹಗಲಿಗೆ ನಾ ಇರ್ತೀನಿ. ಆಶ್ರಮದ ಮಾತ ತಾಯಿ ಮುಂದ ಇನ್ನೊಮ್ಮೆ ತಗದ್ರ ಮಾತ್ರ ಕಿವಿ ಹಿಂಡ್ತೀನಿ."

ಅತ್ತಿಗೆ ಫಕ್ಕನೆ ನಕ್ಕಳು. ಅಣ್ಣನೂ ಒಲ್ಲದ ಮನಸ್ಸಿನಿಂದ ನಕ್ಕ. ಅಲ್ಲಿಗೆ ಆಶ್ರಮದ ಮಾತು ನಿಂತಿತು.

ಕಾಕು ಮಾತಿಗೆ ತಪ್ಪದೆ ಹಗಲೆಲ್ಲ ಅಮ್ಮನ ಬಳಿ ಕೂತರು. ಅವರಿಗೂ ವಯಸ್ಸಾಗಿತ್ತು, ಮಂಡಿನೋವಿತ್ತು. ಸಂಜೆ ನಾನು ಬಂದಾಗ ಇಬ್ಬರೂ ಒಂದೇ ಥರ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ಆಮೇಲೆ ಮಂಗಲ್ ಸಿಕ್ಕಿದಳು. ಸುನಂದಾ ಎಷ್ಟು ಒಪ್ಪವೋ ಇವಳು ಅಷ್ಟು ರಂಪ. ಪಾತ್ರೆ ಬೀಳಿಸುತ್ತಾಳೆ, ಫೋನಿನಲ್ಲಿ ತಂಗಿಯ ಹತ್ತಿರ ಜಗಳವಾಡುತ್ತಾಳೆ, ಟೀವಿ ಹಾಕಿ ಧಾರಾವಾಹಿಯ ಕತೆಯನ್ನು ಅಮ್ಮನಿಗೆ ಮರಾಠಿಯಲ್ಲಿ ಬಿಡಿಸಿ ಹೇಳುತ್ತಾಳೆ. ಅಮ್ಮ ಎಡಗೈ ಬೀಸಿ ಅವಳನ್ನು ಗದರಿಸುವುದನ್ನು ನೋಡಿದ ದಿನ ನನಗಾದ ಸಂತೋಷ ಹೇಳತೀರದು. ಅಣ್ಣ ಮಾತ್ರ ಕ್ಯಾಮೆರಾ ನೋಡಿ ಆಗಾಗ ಫೋನು ಮಾಡಿ ಗೊಣಗುತ್ತಿದ್ದ. ನನ್ನ ನಿರ್ಧಾರ ಸರಿಯಿತ್ತೋ ಇಲ್ಲವೋ ಎಂದು ನಾನೂ ಒಮ್ಮೆ ಕಾಕುವನ್ನು ಕೇಳಿದೆ. "ಮತ್ತ ನನ್ನ ಬಾಗಲಕ್ಕ ಬಂದಿ?" ಎಂದು ಕನ್ನಡಕ ಇಳಿಸಿಕೊಂಡು ಎಷ್ಟು ಸಿಟ್ಟಿನಿಂದ ನೋಡಿದರೆಂದರೆ, ಮತ್ತೆ ಕೇಳಲಿಲ್ಲ. ಆದರೆ ಮನಸ್ಸಿನಲ್ಲಿ ಒಂದು ಧೈರ್ಯವಿತ್ತು. ಕಾಕು ಹೊರಗೆ ಏನೇ ಹೇಳಲಿ, ಅವರಿಗೂ ಒಳಗೊಳಗೆ ಸುನಂದಾ ಸರಿಕಂಡಿರಲಿಕ್ಕಿಲ್ಲ, ಅದಕ್ಕೇ ನನ್ನ ಬೆನ್ನಿಗೆ ನಿಂತರು ಎಂದು ನಂಬಿಕೊಂಡಿದ್ದೆ.

ಕಾಕುವಿನ ಹದಿಮೂರನೆಯ ದಿನದ ಊಟ ಘಾಟ್ಕೋಪರಿನ ಮಗಳ ಮನೆಯಲ್ಲಿತ್ತು. ಅಷ್ಟು ವರ್ಷ ಅದೇ ಊರಿನಲ್ಲಿ ಕೆಲಸ ಮಾಡಿದರೂ ನಾನು ಆ ಮನೆಗೆ ಹೋದದ್ದು ಅದೇ ಮೊದಲು. ಒಳಗಿನ ಕೋಣೆಯಲ್ಲಿ ಮಗಳ ಅತ್ತೆ, ತುಂಬ ಹಣ್ಣಾದ ಅಜ್ಜಿ, ಕುರ್ಚಿಯಲ್ಲಿ ಕೂತಿದ್ದರು. ಅವರ ಬಾಯಿಗೆ ಅನ್ನದ ತುತ್ತಿಡುತ್ತ, ಮೆಲ್ಲಗೆ ಏನೋ ಹೇಳಿ ನಗಿಸುತ್ತಿದ್ದವಳು ಸುನಂದಾ. ಅಜ್ಜಿ ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮಗಳು ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟಳು. ಮುಂಬೈಯಲ್ಲೇ ಹುಟ್ಟಿದವಳು, ತಾಯಿಯನ್ನು ಮರಾಠಿಯವರಂತೆ ಆಯಿ ಎನ್ನುವವಳು, ಅವಳ ಕನ್ನಡದಲ್ಲಿ ಎಲ್ಲ ಊರೂ ಇದೆ.

"ಆಯಿನೇ ಕಳಿಸಿದ್ದು. ಇವಳು ನಿಮ್ಮಲ್ಲಿ ಬಿಟ್ಟಳಲ್ಲ, ಆಯಿ ಲಗೇಚ್, ಅವತ್ತೇ, ನಂಗೆ ಫೋನ್ ಮಾಡಿದ್ಲು. ಭಾಳ ಚಲೋ ಹೆಣಮಗಳು, ಬಂಗಾರದಂಥಾ ಕೈ, ಬಿಡಬ್ಯಾಡ್ರಿ ಅಂತ."

"ಕಾಕು ಹಾಗೆ ಹೇಳಿದರಾ? ಚಲೋ ಅಂತ?"

"ಹೌದು. ಆಯಿಗೆ ಇವಳು ಮೊದಲಿಂದಾನೂ ಪಸಂದ್."

"ಮತ್ತೆ ನನಗೆ ಯಾಕೆ ಹೇಳಲಿಲ್ಲ? ನಾನು ಅವರನ್ನೇ ಕೇಳಿದ್ದೆ."

"ನಾನೂ ಅದೇ ಕೇಳಿದೆ. ಆಯಿ ಏನಂದ್ಲು ಗೊತ್ತಾ? ಆಕಿ ತಾಯಿ, ಆಕಿ ಮನಿ. ನಾ ಹೇಳಿದ್ರ ಆಕಿ ಜೀವ ಇರೂತನಕ ನನ್ನ ಬಾಗಲಕ್ಕ ಬರ್ತಾಳ. ನಾ ಎಷ್ಟ ದಿನಾ ಇರಾಕಿ? ಅಂತ."

ಮೊದಲು ಬಂದದ್ದು ಸಿಟ್ಟು. ನಾನು ತಪ್ಪುತ್ತಿದ್ದೇನೆಂದು ಅವರಿಗೆ ಅನಿಸಿತ್ತು, ಆದರೂ ಸುಮ್ಮನಿದ್ದರು. ಅಷ್ಟೇ ಅಲ್ಲ, ತಾವು ಒಪ್ಪದ ಮಾತಿನ ಪರವಾಗಿ ಅಣ್ಣನೆದುರು ನಿಂತು, ಆ ಮಂಡಿನೋವಿನಲ್ಲಿ ಹಗಲುಗಟ್ಟಲೆ ಅಮ್ಮನ ಬಳಿ ಕೂತಿದ್ದರು. ಅವರ ಒಪ್ಪಿಗೆಯೆಂದು ಇಷ್ಟು ದಿನ ಆತುಕೊಂಡಿದ್ದ ಗೋಡೆ ಅಲ್ಲಿರಲೇ ಇಲ್ಲ. ನಾನೊಬ್ಬಳೇ ನಿಂತಿದ್ದೆ. ಊಟದ ಎಲೆಯ ಮುಂದೆ ಹೋಗಿ ಕೂತೆ. ಕಾಕು ಹೋದ ದಿನ ಬಾರದ ಅಳು ಈಗ ಬಂತು.

ಕೈತೊಳೆಯುವಲ್ಲಿ ಸುನಂದಾ ಎದುರಾದಳು. ನೋಡಿ ನೋಡದಂತೆ ಹೋಗಬಹುದಿತ್ತು, ಹೋಗಲಿಲ್ಲ. ಅಮ್ಮ ಹೇಗಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದಳು. ಹೇಳಿದೆ. ಕೆಲಸ ಬಿಡಿಸಿದ್ದಕ್ಕೆ ನನ್ನ ಮೇಲೆ ಬೇಜಾರಿದೆಯಾ ಎಂದು ನಾನೂ ಕೇಳಿದೆ. ಅವಳು ಕೈಯಲ್ಲಿದ್ದ ತಟ್ಟೆಯನ್ನು ಬದಿಗಿಟ್ಟಳು.

"ಇಲ್ಲ ತಾಯಿ. ನಿಮ್ಮ ಆಯಿಗೆ ನಾನು ಆಗಿಬರುತ್ತಿರಲಿಲ್ಲ. ಮುಟ್ಟಿದರೆ ಮೈ ಬಿಗಿ ಮಾಡಿಕೊಳ್ಳುತ್ತಿದ್ದರು, ಕಟ್ಟಿಗೆಯ ಹಾಗೆ. ಏನು ಮಾಡಿದರೂ ಸಡಿಲಾಗುತ್ತಿರಲಿಲ್ಲ. ಯಾಕೋ ಗೊತ್ತಿಲ್ಲ. ಈ ಅಜ್ಜಿಗೆ ನೋಡಿ, ನಾನೇ ಬೇಕು. ನಿಮಗೆ ಹೇಳಬೇಕು ಅನಿಸುತ್ತಿತ್ತು. ಆದರೆ ಕೆಲಸ ಬೇಕಿತ್ತಲ್ಲ, ಸುಮ್ಮನಿದ್ದೆ."

ಮುಟ್ಟಿದವರಿಗೆ ಮಾತ್ರ ತಿಳಿಯುವ ಸಂಗತಿ ಅದು. ಅಣ್ಣನ ಕ್ಯಾಮೆರಾಕ್ಕೆ ಕಾಣುವಂಥದ್ದಲ್ಲ. ಬಾಗಿಲ ಕುರ್ಚಿಯಲ್ಲಿ ಕೂತ ಕಾಕುವಿಗೂ ಕಂಡಿರಲಿಲ್ಲ. ಸಂಜೆ ಸಂಜೆ ಅಮ್ಮನ ಬೆನ್ನಿಗೆ ಕೈಕೊಟ್ಟು ಎಬ್ಬಿಸಿ ಕೂರಿಸುತ್ತಿದ್ದವಳು ನಾನು. ಹಗಲಿನ ಆ ಬಿಗಿ ಸಂಜೆಯವರೆಗೂ ಮೈಯಲ್ಲಿ ಉಳಿದಿರುತ್ತಿತ್ತು. ಅದು ನನ್ನ ಕೈಗೆ ತಿಳಿದಿತ್ತು, ನನಗೆ ತಿಳಿದಿರಲಿಲ್ಲ.

ಮನೆಗೆ ಬಂದಾಗ ಮಂಗಲ್ ಹೊರಡುವ ಅವಸರದಲ್ಲಿದ್ದಳು. ಟೀವಿ ಹಾಗೇ ಓಡುತ್ತಿತ್ತು. ಅವಳು ಹೋದ ಮೇಲೆ ಗಂಜಿ ಬಿಸಿ ಮಾಡಿಕೊಂಡು ಅಮ್ಮನ ಹತ್ತಿರ ಕೂತೆ. ದಿಂಬಿಗೆ ಒರಗಿಸಲು ಬೆನ್ನಿಗೆ ಕೈಕೊಟ್ಟರೆ, ಮೈ ಮೆತ್ತಗೆ ನನ್ನ ಕೈಮೇಲೆ ಭಾರ ಬಿಟ್ಟಿತು.

"ಅಮ್ಮಾ, ಆ ಸುನಂದಾ ನಿನಗೆ ಆಗ್ತಿರಲಿಲ್ವಾ?"

ಅಮ್ಮ ನನ್ನನ್ನೇ ನೋಡಿದಳು. ಸಣ್ಣವಳಿದ್ದಾಗ, ಕಣ್ಣೆದುರಿಗೇ ಇದ್ದ ವಸ್ತುವನ್ನು ಎಲ್ಲಿದೆಯೆಂದು ಕೇಳಿದರೆ ಹೀಗೇ ನೋಡುತ್ತಿದ್ದಳು. ಆಮೇಲೆ ಎಡಗೈ ಚಾಚಿ, ಚಮಚ ಹಿಡಿದಿದ್ದ ನನ್ನ ಕೈಯನ್ನು ತನ್ನ ಬಾಯಿಯತ್ತ ಎಳೆದುಕೊಂಡಳು. ಅವಳಿಗೆ ಹಸಿವಾಗಿತ್ತು.